ಹಳೇ ಮೀಸೆ, ಹೊಸ ರಬ್ಬರ್: ಕರೇರಾ ಜಿಟಿಗೆ ಯಾವ ಟೈರ್ ಹಾಕಬೇಕು?

ಜರ್ಮನಿಯ ಐಫೆಲ್ ಗುಡ್ಡಗಳ ನಡುವೆ ನ್ಯೂರ್ಬುರ್ಗ್‌ರಿಂಗ್ ಇದೆ. ಅಲ್ಲಿನ ಹಳೇ ಟ್ರ್ಯಾಕ್ ನಾರ್ಡ್‌ಶ್ಲೈಫೆ. ದುಡ್ಡು ಕೊಟ್ಟರೆ ನಮ್ಮಂಥವರನ್ನೂ ಒಳಗೆ ಬಿಡುತ್ತಾರೆ. ಒಂದು ಶನಿವಾರ ಬೆಳಗ್ಗೆ ಅಲ್ಲಿನ ಪಾರ್ಕಿಂಗ್‌ನಲ್ಲಿ ಬೆಳ್ಳಿ ಬಣ್ಣದ ಪೋರ್ಶೆ ಕರೇರಾ ಜಿಟಿ ನಿಂತಿತ್ತು. ಸುತ್ತ ಹತ್ತು ಹದಿನೈದು ಜನ. ಎಲ್ಲರ ಫೋನೂ ಎಂಜಿನ್ ಕಡೆ. ನಾನು ಮಾಲೀಕರನ್ನು ಕೇಳಿ ಹಿಂದಿನ ಚಕ್ರದ ಪಕ್ಕ ಮಂಡಿಯೂರಿ ಕೂತೆ.

ಟೈರ್ ನೋಡೋಕೆ ಹೊಚ್ಚ ಹೊಸದು. ನೆಲ ಹಿಡಿಯುವ ಗೀರುಗಳು, ಅಂದರೆ ಟ್ರೆಡ್, ಆಳವಾಗಿಯೇ ಇದ್ದವು. ಅಚ್ಚಿನಿಂದ ತೆಗೆದಾಗ ಉಳಿಯುತ್ತವಲ್ಲ, ಸಣ್ಣ ರಬ್ಬರ್ ಮೀಸೆ, ಅಂಚಿನಲ್ಲಿ ಅದು ಕೂಡ ಉದುರಿರಲಿಲ್ಲ. ಫೋನಿನ ಟಾರ್ಚ್ ಹಾಕಿ ಪಕ್ಕದ ಬರಹ ಓದಿದೆ. ಡಿಒಟಿ ಅಂತ ಶುರುವಾಗುವ ಸಾಲಿನ ಕೊನೆಗೆ ನಾಲ್ಕು ಅಂಕಿ: 2305. ಅಂದರೆ 2005ನೇ ಇಸವಿಯ 23ನೇ ವಾರ. ಹೆಬ್ಬೆರಳಿನ ಉಗುರು ಒತ್ತಿದೆ. ಗುರುತೇ ಬೀಳಲಿಲ್ಲ. ಪ್ಲಾಸ್ಟಿಕ್ ಬಕೆಟ್ ಒತ್ತಿದ ಹಾಗಿತ್ತು.

"ಎಲ್ಲಾ ಒರಿಜಿನಲ್. ಟೈರ್ ಕೂಡ," ಅಂದರು ಮಾಲೀಕರು, ಖುಷಿಯಲ್ಲಿ.

"ಇವತ್ತು ಒಳಗೆ ಹೋಗ್ತೀರಾ?"

"ಮತ್ತೆ? ಅದಕ್ಕೇ ಬಂದಿದ್ದು."

ಆಮೇಲೆ ಅರ್ಧ ಗಂಟೆ ನಾವಿಬ್ಬರೂ ಟೈರಿನ ಬಗ್ಗೆಯೇ ಮಾತಾಡಿದೆವು. ಆ ಮಾತನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆದಿದ್ದೇನೆ. ಇದನ್ನು ಓದುವ ನಮ್ಮಲ್ಲಿ ಯಾರ ಮನೆ ಮುಂದೆಯೂ ಕರೇರಾ ಜಿಟಿ ನಿಂತಿಲ್ಲ ಅಂತ ನನಗೂ ಗೊತ್ತು. ಆದರೆ ಟೈರ್ ಆರಿಸುವ ಲೆಕ್ಕ ಈ ಕಾರಿನಲ್ಲಿ ಕಾಣುವಷ್ಟು ಸ್ಪಷ್ಟವಾಗಿ ಬೇರೆ ಕಡೆ ಕಾಣುವುದಿಲ್ಲ. ನಿಮ್ಮ ಪೋಲೊಗೂ ಅದೇ ಲೆಕ್ಕ. ಸೊನ್ನೆಗಳು ಮಾತ್ರ ಕಡಿಮೆ.

ಈ ಕಾರು ಯಾಕೆ ಅಷ್ಟು ನಾಜೂಕು?

ಕರೇರಾ ಜಿಟಿ ಹುಟ್ಟಿದ್ದೇ ರೇಸಿನಿಂದ. ಲೆ ಮಾನ್ಸ್ ಓಟಕ್ಕೆ ಅಂತ ಪೋರ್ಶೆ ಒಂದು ವಿ10 ಎಂಜಿನ್ ಮಾಡುತ್ತಿತ್ತು. ಆ ಯೋಜನೆ ನಿಂತುಹೋಯಿತು. ಎಂಜಿನ್ ಸುಮ್ನೆ ಮೂಲೆ ಸೇರುವ ಬದಲು ರಸ್ತೆ ಕಾರಿಗೆ ಬಂತು. 5.7 ಲೀಟರ್, 612 ಅಶ್ವಶಕ್ತಿ, ತೂಕ 1,380 ಕೆಜಿ. ಗೇರ್ ಕೈಯಲ್ಲೇ ಹಾಕಬೇಕು, ಆರು ಗೇರ್. 2003ರಿಂದ 2006ರವರೆಗೆ ಲೈಪ್‌ಜಿಗ್ ಕಾರ್ಖಾನೆಯಲ್ಲಿ ತಯಾರಾದದ್ದು 1,270 ಕಾರು ಮಾತ್ರ. ಎಲ್ಲವೂ ಎಡಗಡೆ ಸ್ಟೀರಿಂಗ್.

ಎಬಿಎಸ್ ಇದೆ. ಹಿಂದಿನ ಚಕ್ರ ಸುಮ್ಮನೆ ತಿರುಗದಂತೆ ತಡೆಯುವ ಟ್ರ್ಯಾಕ್ಷನ್ ಕಂಟ್ರೋಲ್ ಇದೆ. ಆದರೆ ಕಾರು ಅಡ್ಡ ತಿರುಗಿದಾಗ ಒಂದೊಂದೇ ಚಕ್ರಕ್ಕೆ ಬ್ರೇಕ್ ಹಾಕಿ ನೆಟ್ಟಗೆ ಮಾಡುವ ವ್ಯವಸ್ಥೆ ಇದೆಯಲ್ಲ, ಇವತ್ತು ಸಾಧಾರಣ ಕಾರಿನಲ್ಲೂ ಸಿಗುವ ಆ ಇಎಸ್‌ಪಿ, ಅದು ಇಲ್ಲ. ಎಂಜಿನ್ ನಡುವೆ ಕೂತಿದೆ. ಭಾರವೆಲ್ಲ ಕಾರಿನ ಹೊಟ್ಟೆಯ ಹತ್ತಿರ. ಹಾಗಾಗಿ ತಿರುಗು ಅಂದರೆ ತಟ್ಟನೆ ತಿರುಗುತ್ತದೆ, ಬುಗುರಿಯ ಹಾಗೆ. ಒಂದು ಸಲ ಹಿಂಭಾಗ ಹೊರಟಿತೋ, ಹಿಡಿದು ನಿಲ್ಲಿಸಲು ಸಿಗುವ ಸಮಯ ಬಹಳ ಕಡಿಮೆ.

ಇಷ್ಟೆಲ್ಲ ನಿಂತಿರುವುದು ನಾಲ್ಕು ರಬ್ಬರ್ ತುಂಡಿನ ಮೇಲೆ. ಮುಂದೆ 265/35 ಝಡ್‌ಆರ್ 19, ಹಿಂದೆ 335/30 ಝಡ್‌ಆರ್ 20. ಮೊದಲ ಅಂಕಿ ಅಗಲ, ಮಿಮೀ ಲೆಕ್ಕದಲ್ಲಿ. ನಮ್ಮ ಮಾರುತಿ 800ರ ಟೈರ್ 145 ಮಿಮೀ ಅಗಲ ಇತ್ತು. ಇದರ ಹಿಂದಿನ ಒಂದು ಟೈರ್ ಅದರ ಎರಡು ಟೈರ್ ಪಕ್ಕಪಕ್ಕ ಇಟ್ಟದ್ದಕ್ಕಿಂತ ಅಗಲ.

ಆರಿಸುವಾಗ ಏನು ಕೇಳಬೇಕು

ಜನ ಕೇಳುವ ಮೊದಲ ಪ್ರಶ್ನೆ, "ಯಾವುದಕ್ಕೆ ಗ್ರಿಪ್ ಜಾಸ್ತಿ?" ಈ ಕಾರಿಗೆ ಅದು ಎರಡನೇ ಪ್ರಶ್ನೆ. ಮೊದಲನೆಯದು, ಗ್ರಿಪ್ ಬಿಡುವಾಗ ಹೇಗೆ ಬಿಡುತ್ತದೆ ಅನ್ನುವುದು. ಒಳ್ಳೆಯ ಟೈರ್ ಬಿಡುವ ಮೊದಲು ಹೇಳುತ್ತದೆ. ಸ್ಟೀರಿಂಗ್ ಸ್ವಲ್ಪ ಹಗುರಾಗುತ್ತದೆ, ಕೆಳಗಿಂದ ಒಂದು ನರಳಿಕೆ ಬರುತ್ತದೆ, ಸೀಟಿನ ಕೆಳಗೆ ಹಿಂಭಾಗ ಒಂದು ಗೇಣು ಸರಿದ ಹಾಗೆ ಅನ್ನಿಸುತ್ತದೆ. ನೀವು ಕಾಲು ನಿಧಾನ ಮಾಡುತ್ತೀರಿ. ಕೆಟ್ಟ ಟೈರ್ ಏನೂ ಹೇಳುವುದಿಲ್ಲ. ಒಂದು ಕ್ಷಣ ಇರುತ್ತದೆ, ಮರುಕ್ಷಣ ಇರುವುದಿಲ್ಲ.

ಶಾಲೆಯಲ್ಲಿ ಬಳಸುತ್ತಿದ್ದ ರಬ್ಬರ್ ನೆನಪಿಸಿಕೊಳ್ಳಿ. ಹೊಸದು ಅಕ್ಷರಕ್ಕೆ ಅಂಟಿಕೊಂಡು ಉಜ್ಜುತ್ತದೆ. ಬೇಸಿಗೆ ರಜೆ ಮುಗಿಸಿ ಕಂಪಾಸ್ ಬಾಕ್ಸ್ ತೆರೆದರೆ ಅದೇ ರಬ್ಬರ್ ಕಲ್ಲಾಗಿರುತ್ತದೆ. ಅಳಿಸುವುದಿಲ್ಲ, ಕಾಗದದ ಮೇಲೆ ಕಪ್ಪು ಬಳಿದು ಜಾರುತ್ತದೆ. ಟೈರಿಗೆ ಆಗುವುದೂ ಅದೇ. ಗಾಳಿಯ ಆಮ್ಲಜನಕ ಒಳಗೆ ಸೇರುತ್ತದೆ, ಮೆತ್ತಗಿಡುವ ಎಣ್ಣೆ ಹೊರಗೆ ಹೋಗುತ್ತದೆ. ಕಾರು ಓಡದೆ ನಿಂತಿದ್ದರೂ ಆಗುತ್ತದೆ. ಅಪರೂಪದ ಕಾರಿನ ದೊಡ್ಡ ತೊಂದರೆಯೇ ಇದು. ಕಿಲೋಮೀಟರ್ ಕಡಿಮೆ, ಹಾಗಾಗಿ ಟೈರ್ ಸವೆಯುವುದಿಲ್ಲ. ಸವೆಯದ್ದರಿಂದ ಯಾರೂ ಬದಲಿಸುವುದಿಲ್ಲ.

ಈಗ ಒಂದೊಂದಾಗಿ ನೋಡೋಣ.

ಮೊದಲ ಆಯ್ಕೆ: ಕಾರಿನ ಜೊತೆ ಬಂದ ಪಿಎಸ್2

ಕಾರು ಹೊರಬಂದಾಗ ಇದ್ದದ್ದು ಮಿಶೆಲಿನ್ ಪೈಲಟ್ ಸ್ಪೋರ್ಟ್ ಪಿಎಸ್2. ಆ ಕಾಲಕ್ಕೆ ಬಹಳ ಒಳ್ಳೆಯ ಟೈರ್. 2004ರಲ್ಲಿ ನಾರ್ಡ್‌ಶ್ಲೈಫೆಯಲ್ಲಿ ಈ ಕಾರು 7 ನಿಮಿಷ 28 ಸೆಕೆಂಡಿನ ಸುತ್ತು ಹಾಕಿತ್ತು. ಆಗ ಅದು ಮೂಗಿನ ಮೇಲೆ ಬೆರಳಿಡುವ ಸಮಯ.

ಇವತ್ತು ಯಾರಾದರೂ "ಒರಿಜಿನಲ್ ಟೈರ್ ಸೆಟ್, ಉಪಯೋಗಿಸಿಯೇ ಇಲ್ಲ" ಅಂತ ಮಾರಲು ಬಂದರೆ ಅದು ಗೋಡೆಗೆ ನೇತುಹಾಕುವ ಸಾಮಾನು. ಪ್ರದರ್ಶನದ ಕಾರಿಗೆ, ಹರಾಜಿಗೆ ಹೋಗುವ ಕಾರಿಗೆ ಅದಕ್ಕೆ ಬೆಲೆ ಇದೆ, ಇಲ್ಲ ಅನ್ನುವುದಿಲ್ಲ. ಓಡಿಸಲು ಬೇಡ. ಟ್ರ್ಯಾಕಿಗೆ ಅಂತೂ ಬೇಡವೇ ಬೇಡ.

ಇದನ್ನು ಇಷ್ಟು ಗಟ್ಟಿಯಾಗಿ ಹೇಳಲು ಕಾರಣ ಇದೆ. 2013ರ ನವೆಂಬರ್ 30ರಂದು ಕ್ಯಾಲಿಫೋರ್ನಿಯಾದ ಸಾಂಟಾ ಕ್ಲಾರಿಟಾದಲ್ಲಿ ಒಂದು ಕರೇರಾ ಜಿಟಿ ಅಪಘಾತಕ್ಕೆ ಸಿಕ್ಕಿತು. ಪಕ್ಕದ ಸೀಟಿನಲ್ಲಿದ್ದ ನಟ ಪಾಲ್ ವಾಕರ್ ಮತ್ತು ಓಡಿಸುತ್ತಿದ್ದ ಅವರ ಗೆಳೆಯ ಇಬ್ಬರೂ ತೀರಿಕೊಂಡರು. ತನಿಖೆಯಲ್ಲಿ ಮುಖ್ಯ ಕಾರಣ ಅಂತ ಬಂದದ್ದು ವೇಗ. ಗಂಟೆಗೆ ಸುಮಾರು 130ರಿಂದ 150 ಕಿಮೀ, ಅದೂ 72 ಕಿಮೀ ಮಿತಿಯ ರಸ್ತೆಯಲ್ಲಿ. ಅದರ ಜೊತೆಗೆ ಇನ್ನೊಂದು ಸಂಗತಿ ಹೊರಬಂತು. ಕಾರಿನ ಟೈರ್‌ಗಳಿಗೆ ಒಂಬತ್ತು ವರ್ಷ ವಯಸ್ಸಾಗಿತ್ತು, ಅದರಿಂದಲೂ ಕಾರಿನ ಹತೋಟಿ ಕೆಟ್ಟಿರಬಹುದು ಅಂತ ತನಿಖೆ ಮಾಡಿದವರು ಹೇಳಿದರು. ಟೈರ್ ಹೊಸದಾಗಿದ್ದರೆ ಬದುಕುತ್ತಿದ್ದರು ಅಂತ ನಾನು ಹೇಳುತ್ತಿಲ್ಲ. ಆದರೆ ಆ ಸುದ್ದಿ ಓದಿದ ಮೇಲೆ ನಾನು ಯಾವ ಕಾರು ಕಂಡರೂ ಮೊದಲು ನೋಡುವುದು ಆ ನಾಲ್ಕು ಅಂಕಿಯನ್ನೇ.

ಎರಡನೇ ಆಯ್ಕೆ: ಪೈಲಟ್ ಸೂಪರ್ ಸ್ಪೋರ್ಟ್

ಪಿಎಸ್2 ಹಳತಾದ ಮೇಲೆ ಇದೇ ಅಳತೆಗೆ, ಪೋರ್ಶೆ ಒಪ್ಪಿಗೆಯ ಗುರುತಿನ ಜೊತೆ ಬಂದದ್ದು ಪೈಲಟ್ ಸೂಪರ್ ಸ್ಪೋರ್ಟ್. ನನ್ನ ಮಟ್ಟಿಗೆ ಈ ಕಾರಿನ ಹೆದರಿಕೆ ಅರ್ಧ ಕಮ್ಮಿ ಮಾಡಿದ್ದು ಈ ಟೈರೇ. ಬೇಗ ಬಿಸಿಯಾಗುತ್ತದೆ, ಒದ್ದೆ ರಸ್ತೆಯಲ್ಲಿ ಧೈರ್ಯ ಕೊಡುತ್ತದೆ, ಬಿಡುವ ಮೊದಲು ಹೇಳುತ್ತದೆ.

ರಸ್ತೆಯಲ್ಲೇ ಜಾಸ್ತಿ ಓಡಿಸುವವರಿಗೆ, ಹಾಗೇ ಮಳೆಯ ಊರಿನವರಿಗೆ ನಾನು ಹೇಳುವುದು ಇದನ್ನೇ. ಯಾಕೆ ಅಂತ ಒಂದು ಸಣ್ಣ ಲೆಕ್ಕ ಮಾಡೋಣ. ರಸ್ತೆ ಮೇಲೆ 2 ಮಿಮೀ ನೀರು ನಿಂತಿದೆ ಅಂದುಕೊಳ್ಳಿ. ನೆಲಕ್ಕೆ ತಾಗುವ ರಬ್ಬರ್ ಸುಮಾರು 30 ಸೆಂಮೀ ಅಗಲ. ಗಂಟೆಗೆ 100 ಕಿಮೀ ಅಂದರೆ ಸೆಕೆಂಡಿಗೆ ಹತ್ತಿರ ಹತ್ತಿರ 28 ಮೀಟರ್. ಗುಣಿಸಿದರೆ ಸೆಕೆಂಡಿಗೆ 16–17 ಲೀಟರ್ ನೀರು. ಅಂದರೆ ಒಂದೊಂದು ಹಿಂದಿನ ಟೈರೂ ಪ್ರತಿ ಸೆಕೆಂಡಿಗೆ ತುಂಬಿದ ಒಂದು ಬಿಂದಿಗೆಯಷ್ಟು ನೀರನ್ನು ಆಚೆ ತಳ್ಳಬೇಕು. ತಳ್ಳಲು ಆಗದಿದ್ದರೆ ನೀರಿನ ಮೇಲೆ ಏರಿ ತೇಲುತ್ತದೆ. ಮಾರುತಿ 800ರ ಟೈರಿಗೆ ಅದರ ಅರ್ಧವೂ ಇಲ್ಲ. ಅಗಲದ ಟೈರ್ ಒಣ ರಸ್ತೆಯಲ್ಲಿ ರಾಜ, ಮಳೆಯಲ್ಲಿ ದೋಣಿ.

ಒಂದು ಎಚ್ಚರ. ಸೂಪರ್ ಸ್ಪೋರ್ಟ್ ಅನ್ನುವ ಈ ಸಾಲು ಮಾರುಕಟ್ಟೆಗೆ ಬಂದದ್ದು 2010–11ರ ಸುಮಾರಿಗೆ. 2017ರಲ್ಲಿ ಅದರ ಜಾಗಕ್ಕೆ ಪೈಲಟ್ ಸ್ಪೋರ್ಟ್ 4ಎಸ್ ಬಂತು. ಹಾಗಾಗಿ ಯಾರೋ "ಹೊಸ ಸೆಟ್ ಇದೆ" ಅಂದರೆ ಹೊಸದು ಅನ್ನುವುದಕ್ಕೆ ಅವರ ಅರ್ಥ ಏನು ಅಂತ ತಾರೀಕು ಕೇಳಿ. ಗೋದಾಮಿನಲ್ಲಿ ಎಂಟು ವರ್ಷ ಮಲಗಿದ್ದನ್ನೂ ಹೊಸದು ಅಂತಲೇ ಕರೆಯುತ್ತಾರೆ.

ಈ ಪಾಠ ನಾನು ಕಲಿತದ್ದು ಪೋರ್ಶೆಯಲ್ಲಲ್ಲ. ಊರಿನಲ್ಲಿದ್ದಾಗ ನನ್ನ ಹಳೇ ಹ್ಯಾಚ್‌ಬ್ಯಾಕಿಗೆ ಎರಡು ಟೈರ್ ಹಾಕಿಸಿದ್ದೆ. ಅಂಗಡಿಯವರು ಫ್ರೆಶ್ ಸ್ಟಾಕ್ ಅಂದರು, ನಾನು ನಂಬಿದೆ. ಜುಲೈ ತಿಂಗಳು, ಶಿರಾಡಿ ಘಾಟಿ, ಸಕಲೇಶಪುರ ದಾಟಿ ಇಳಿಯುತ್ತಿದ್ದೆ. ವೇಗ ಐವತ್ತೂ ಇರಲಿಲ್ಲ. ಎದುರು ಲಾರಿ ಬಂತು ಅಂತ ಬ್ರೇಕ್ ಒತ್ತಿದೆ. ಕಾರು ನಿಲ್ಲುವ ಬದಲು ಸೋಪಿನ ಹಾಗೆ ಸರಿದು ಪಾಚಿ ಹಿಡಿದ ಕಲ್ಲಿನ ಕಟ್ಟೆಗೆ ಒರಗಿತು. ಬಂಪರ್ ಹೋಯಿತು, ನನಗೇನೂ ಆಗಲಿಲ್ಲ. ಪಂಚರ್ ಅಂಗಡಿಯ ಹುಡುಗ ಟೈರ್ ನೋಡಿ ನಕ್ಕ. "ಅಣ್ಣ, ಇದು ಆರು ವರ್ಷ ಹಳೇದು." ಹಾಕಿಸಿ ಎರಡು ತಿಂಗಳಾಗಿತ್ತು. ತಪ್ಪು ನನ್ನದೂ ಹೌದು. ಓದಲು ಬರುತ್ತಿದ್ದರೆ ನೋಡುತ್ತಿದ್ದೆ.

ಅವತ್ತು ಆ ಹುಡುಗ ಓದಲು ಕಲಿಸಿದ. ನಾಲ್ಕು ಅಂಕಿಯಲ್ಲಿ ಮೊದಲ ಎರಡು ವಾರ, ಕೊನೆಯ ಎರಡು ವರ್ಷ. 3119 ಅಂದರೆ 2019ರ 31ನೇ ವಾರ. ಮೂರೇ ಅಂಕಿ ಇದ್ದರೆ ಅದು 2000ಕ್ಕಿಂತ ಹಿಂದಿನದು, ಕೈಮುಗಿದು ಆಚೆ ಇಡಿ. ಟೈರಿನ ಎರಡು ಪಕ್ಕದಲ್ಲಿ ಒಂದು ಕಡೆ ಮಾತ್ರ ಪೂರ್ತಿ ಸಾಲು ಇರಬಹುದು. ಕಾಣದಿದ್ದರೆ ಒಳಗಡೆಯ ಪಕ್ಕ ನೋಡಿ.

ಮೂರನೇ ಆಯ್ಕೆ: ಪೈಲಟ್ ಸ್ಪೋರ್ಟ್ ಕಪ್ 2

ಈಚೆಗೆ ಮಿಶೆಲಿನ್ ಮತ್ತು ಪೋರ್ಶೆ ಸೇರಿ ಕರೇರಾ ಜಿಟಿಗೆ ಅಂತಲೇ ಕಪ್ 2 ಟೈರ್ ತಯಾರಿಸಿದವು. 2024ರಲ್ಲಿ ರೇಸ್ ಚಾಲಕ ಯೋರ್ಗ್ ಬರ್ಗ್‌ಮೈಸ್ಟರ್ ಅದನ್ನು ಹಾಕಿಕೊಂಡು ನಾರ್ಡ್‌ಶ್ಲೈಫೆಗೆ ಇಳಿದರು. 7 ನಿಮಿಷ 12.69 ಸೆಕೆಂಡ್. 20 ವರ್ಷ ಹಿಂದಿನ ಸಮಯಕ್ಕಿಂತ ಸುಮಾರು 16 ಸೆಕೆಂಡ್ ಕಡಿಮೆ. ಎಂಜಿನ್ ಅದೇ, ಗೇರ್ ಅದೇ. ಟ್ರ್ಯಾಕಿನ ಡಾಂಬರು ಅಲ್ಲಲ್ಲಿ ಬದಲಾಗಿದೆ, ಓಡಿಸಿದವರು ರೇಸ್ ಗೆದ್ದವರು, ಎರಡೂ ನಿಜ. ಆದರೂ ಆ 16 ಸೆಕೆಂಡಿನ ದೊಡ್ಡ ಪಾಲು ರಬ್ಬರಿನದು.

ಹಾಗಾದರೆ ಎಲ್ಲರೂ ಇದನ್ನೇ ಹಾಕಬೇಕು, ಅಲ್ವಾ? ನಿಲ್ಲಿ.

ಕಪ್ 2 ರಸ್ತೆಗೆ ಒಪ್ಪಿಗೆ ಇರುವ ಟೈರೇ, ಆದರೆ ಮನಸ್ಸೆಲ್ಲ ಟ್ರ್ಯಾಕಿನಲ್ಲಿದೆ. ಗೀರು ಕಡಿಮೆ, ನೆಲಕ್ಕೆ ತಾಗುವ ರಬ್ಬರ್ ಜಾಸ್ತಿ. ಬಿಸಿಯಾದ ಮೇಲೆ ಅಂಟಿನ ಹಾಗೆ ಹಿಡಿಯುತ್ತದೆ. ತಣ್ಣಗಿದ್ದಾಗ ಅದರ ಮಾತೇ ಬೇರೆ. ಬೇಸಿಗೆ ಟೈರ್ ಯಾವುದೇ ಆಗಲಿ, 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಹೋದರೆ ರಬ್ಬರ್ ಗಟ್ಟಿಯಾಗುತ್ತದೆ. ಕಪ್ 2 ಜಾತಿಯದು ಇನ್ನೂ ಜಾಸ್ತಿ ಮುನಿಸಿಕೊಳ್ಳುತ್ತದೆ. ಐಫೆಲ್‌ನಲ್ಲಿ ಏಪ್ರಿಲ್ ಬೆಳಗ್ಗೆ 5 ಡಿಗ್ರಿ ಇರುವುದು ಮಾಮೂಲು. ಟ್ರ್ಯಾಕ್ 20 ಕಿಮೀಗಿಂತ ಉದ್ದ. ಒಂದು ಮೂಲೆಯಲ್ಲಿ ಬಿಸಿಲು, ಇನ್ನೊಂದು ಮೂಲೆಯ ಕಾಡಿನ ನೆರಳಲ್ಲಿ ರಸ್ತೆ ಒದ್ದೆ. ನಮ್ಮ ಮಲೆನಾಡಿನ ಹಾಗೆಯೇ, ಆಚೆ ಮಳೆ ಈಚೆ ಬಿಸಿಲು. ಅಲ್ಲಿ ತಣ್ಣನೆಯ ಕಪ್ 2 ಮತ್ತು ಇಎಸ್‌ಪಿ ಇಲ್ಲದ 612 ಕುದುರೆ ಜೊತೆಯಾದರೆ, ಮೊದಲ ಎರಡು ತಿರುವಿನಲ್ಲೇ ಬಹಳ ಜನ ಮನೆಗೆ ಫೋನ್ ಮಾಡುತ್ತಾರೆ.

ಇನ್ನೊಂದು ವಿಷಯ. ಗ್ರಿಪ್ ಜಾಸ್ತಿ ಆದರೆ ಆ ಜೋರೆಲ್ಲ ಹೋಗುವುದು ಎಲ್ಲಿಗೆ? ಚಕ್ರವನ್ನು ಕಾರಿಗೆ ಜೋಡಿಸಿ ಹಿಡಿಯುವ ಸಸ್ಪೆನ್ಷನ್ನಿಗೆ. ಕಾರು ಈಗ ಇಪ್ಪತ್ತು ವರ್ಷದ ಮುದುಕ. 2023ರಲ್ಲಿ ಸಸ್ಪೆನ್ಷನ್ ತೋಳಿನ ಕೀಲುಗಳ ದೋಷಕ್ಕಾಗಿ ಪೋರ್ಶೆ ಕರೇರಾ ಜಿಟಿ ಕಾರುಗಳನ್ನು ವಾಪಸ್ ಕರೆಯಿತು, ಸರಿಯಾಗುವ ತನಕ ಓಡಿಸಬೇಡಿ ಅಂದಿತು. ಆ ಕೆಲಸ ಆಗಿದೆಯೋ ಇಲ್ಲವೋ ನೋಡದೆ ಕಪ್ 2 ಹಾಕಿಸುವುದು ಬುದ್ಧಿವಂತಿಕೆ ಅಲ್ಲ. ಮೊದಲು ಕೀಲು, ಆಮೇಲೆ ಅಂಟು.

ವರ್ಷಕ್ಕೆ ನಾಲ್ಕಾರು ಸಲ ಟ್ರ್ಯಾಕಿಗೆ ಹೋಗುತ್ತೀರಿ, ಬೇಸಿಗೆಯಲ್ಲೇ ಹೋಗುತ್ತೀರಿ, ಮಳೆ ಬಂದರೆ ನಿಲ್ಲಿಸಿ ಕಾಫಿ ಕುಡಿಯುವ ತಾಳ್ಮೆ ಇದೆ ಅಂದರೆ ಕಪ್ 2ಗೆ ಸಾಟಿ ಇಲ್ಲ. ಬಿಸಿಯಾದಾಗ ಅದು ಗ್ರಿಪ್ ಕೊಡುವುದಷ್ಟೇ ಅಲ್ಲ, ಕಾರನ್ನು ಸಾಧು ಮಾಡುತ್ತದೆ.

ಉಳಿದವು, ಬೇಗ ಬೇಗ

ಗುರುತಿಲ್ಲದ ಬೇರೆ ಕಂಪನಿ ಟೈರ್: ಅಳತೆ ಹೊಂದಿದರೂ ಪಕ್ಕದ ಬಿಗಿ, ಒಳಗಿನ ಕಟ್ಟು ಬೇರೆ. ಪೋರ್ಶೆ ಒಪ್ಪಿದ ಟೈರಿಗೆ ಎನ್0, ಎನ್1 ಅಂತ ಗುರುತು ಇರುತ್ತದೆ. ಬಿಎಂಡಬ್ಲ್ಯುಗೆ ನಕ್ಷತ್ರ, ಮರ್ಸಿಡಿಸ್‌ಗೆ ಎಂಒ, ಆಡಿಗೆ ಎಒ. ಸಾಮಾನ್ಯ ಕಾರಿನಲ್ಲಿ ಈ ಗುರುತಿಗೆ ಅಷ್ಟು ತಲೆ ಕೆಡಿಸಿಕೊಳ್ಳಬೇಡಿ ಅಂತಲೇ ಹೇಳುತ್ತೇನೆ. ಇಲ್ಲಿ ಕೆಡಿಸಿಕೊಳ್ಳಿ. ಗಂಟೆಗೆ 330 ಕಿಮೀ ಹೋಗಬಲ್ಲ ಕಾರಿಗೆ, ಇಎಸ್‌ಪಿ ಇಲ್ಲದ ಕಾರಿಗೆ, ಟೈರ್ ಅನ್ನುವುದು ಸಸ್ಪೆನ್ಷನ್ನಿನದೇ ಒಂದು ಭಾಗ.

ಪೂರ್ತಿ ಸ್ಲಿಕ್, ಅಂದರೆ ಗೀರೇ ಇಲ್ಲದ ರೇಸ್ ಟೈರ್: ರಸ್ತೆಗೆ ತರುವಂತಿಲ್ಲ. ಮುಂದಕ್ಕೆ ಹೋಗೋಣ.

ಎರಡು ಹೊಸದು, ಎರಡು ಹಳೇದು: ದಯವಿಟ್ಟು ಬೇಡ. ಮುಂದೆ ಹೊಸ ಟೈರ್, ಹಿಂದೆ ಕಲ್ಲಾದ ಟೈರ್ ಅಂದರೆ ಮೂಗು ತಿರುಗುತ್ತದೆ, ಬಾಲ ಕೇಳುವುದಿಲ್ಲ, ಗಿರಕಿ. ಈ ಕಾರಿಗೆ ನಾಲ್ಕೂ ಒಂದೇ ಜಾತಿ, ಒಂದೇ ವಯಸ್ಸು. ಕೋಟಿಗಟ್ಟಲೆ ಕೊಟ್ಟು ಕಾರು ತಂದು ಟೈರಿನಲ್ಲಿ ಉಳಿಸಲು ಹೋದರೆ ಅದು ಆನೆ ಮಾರಿ ಅಂಕುಶಕ್ಕೆ ಜಗಳ ಮಾಡಿದ ಹಾಗೆ.

ಕೆಲವು ಹಳೇ ಕಾರುಗಳಿಗೆ ಇನ್ನೊಂದು ದಾರಿ ಇದೆ: ಹಳೇ ಮುಖ, ಹೊಸ ರಬ್ಬರ್. ಪಿರೆಲ್ಲಿಯವರು ಕಲೆಜಿಯೋನೆ ಅನ್ನುವ ಹೆಸರಲ್ಲಿ ಹಿಂದಿನ ಕಾಲದ ವಿನ್ಯಾಸಗಳನ್ನು ಇವತ್ತಿನ ರಬ್ಬರಿನಲ್ಲಿ ಮತ್ತೆ ಎರಕ ಹೊಯ್ಯುತ್ತಾರೆ. ನಿಮ್ಮದು ಎಂಬತ್ತರ ದಶಕದ ಲಂಬೋರ್ಗಿನಿಯೋ ಫೆರಾರಿಯೋ ಆದರೆ ಮೊದಲು ಅಲ್ಲಿ ಹುಡುಕಿ. ನೋಡುವವರ ಕಣ್ಣಿಗೂ ತೃಪ್ತಿ, ಓಡಿಸುವವರ ಜೀವಕ್ಕೂ.

ಗಾಳಿ, ಶಾಖ, ಮೊದಲ ಸುತ್ತು

ಸರಿಯಾದ ಟೈರ್ ತಂದು ಗಾಳಿ ತಪ್ಪು ಹೊಡೆದರೆ ಎಲ್ಲ ನೀರಿನಲ್ಲಿ ಹೋಮ. ಟೈರ್ ಒಳಗಿನ ಗಾಳಿ ಬಿಸಿಯಾದರೆ ಹಿಗ್ಗುತ್ತದೆ. ಸುಮಾರಾಗಿ 10 ಡಿಗ್ರಿಗೆ 0.1 ಬಾರ್, ಅಂದರೆ ಒಂದೂವರೆ ಪಿಎಸ್‌ಐನಷ್ಟು, ಒತ್ತಡ ಏರುತ್ತದೆ. ಉದಾಹರಣೆಗೆ 20 ಡಿಗ್ರಿಯ ಬೆಳಗ್ಗೆ 32 ಪಿಎಸ್‌ಐ ಹೊಡೆಸಿದಿರಿ. ಜೋರಾಗಿ ಓಡಿಸಿ ಒಳಗಿನ ಗಾಳಿ 80 ಡಿಗ್ರಿಗೆ ಬಂದರೆ ಅದೇ ಟೈರಿನಲ್ಲಿ 41 ಆಗಿರುತ್ತದೆ. ಟೈರ್ ನಡುವೆ ಉಬ್ಬಿ, ಅಂಚು ನೆಲ ಬಿಡುತ್ತದೆ. ಮೂರನೇ ಸುತ್ತಿನಲ್ಲಿ ಕಾರು ಜಾರತೊಡಗುತ್ತದೆ, ಡ್ರೈವರ್ ಟೈರನ್ನು ಬೈಯುತ್ತಾನೆ. ಹಾಗಾಗಿ ಟ್ರ್ಯಾಕಿನಲ್ಲಿ ನೋಡಬೇಕಾದದ್ದು ಬಿಸಿ ಪ್ರೆಶರ್. ಒಳ್ಳೆಯ ಗೇಜ್ ಒಂದನ್ನು ಸ್ವಂತಕ್ಕೆ ಇಟ್ಟುಕೊಳ್ಳಿ. ಎರಡು ಸುತ್ತು ಹಾಕಿ ಬಂದ ತಕ್ಷಣ ಅಳೆದು ಇಳಿಸಿ. ಸಂಜೆ ಮನೆಗೆ ಹೊರಡುವ ಮೊದಲು ಮತ್ತೆ ತುಂಬಿಸಿ. ಇದನ್ನು ಮರೆಯುವವರೇ ಜಾಸ್ತಿ. ಗಾಳಿ ಇಳಿದ ಟೈರಿನಲ್ಲಿ ಹೆದ್ದಾರಿಗೆ ಬೀಳುತ್ತಾರೆ.

ಬಿಸಿ ಮಾಡಲು ಟಿವಿಯಲ್ಲಿ ನೋಡಿದ ಹಾಗೆ ಎಡಕ್ಕೂ ಬಲಕ್ಕೂ ಹಾವಿನಂತೆ ಹೊರಳಬೇಡಿ. ನೇರ ರಸ್ತೆಯಲ್ಲಿ ಬ್ರೇಕ್ ಒತ್ತಿ, ಬಿಡಿ, ವೇಗ ಕೊಡಿ, ಮತ್ತೆ ಒತ್ತಿ. ಒಳಗಿನ ಕಟ್ಟು ಕೆಲಸ ಮಾಡಿದಾಗ ಶಾಖ ಒಳಗಿಂದ ಬರುತ್ತದೆ. ಈ ಕಾರಿನ ಸೆರಾಮಿಕ್ ಬ್ರೇಕಿಗೂ ಅದು ಒಳ್ಳೆಯದು, ಅವೂ ತಣ್ಣಗಿದ್ದಾಗ ಸೋಮಾರಿ. ಹೊಸ ಕಪ್ 2 ಆದರೆ ಮೊದಲ ದಿನ ಒಮ್ಮೆ ಹದವಾಗಿ ಬಿಸಿ ಮಾಡಿ, ಒಂದು ದಿನ ಪೂರ್ತಿ ಆರಲು ಬಿಡಿ. ದೋಸೆ ಕಾವಲಿ ಪಳಗಿಸುತ್ತೇವಲ್ಲ, ಹಾಗೆ.

ತಿರುವಿನ ನಡುವೆ ಹೆದರಿ ಆಕ್ಸಿಲರೇಟರ್ ಪೂರ್ತಿ ಬಿಡುವುದು ಈ ಕಾರಿನಲ್ಲಿ ಮಾಡುವ ದೊಡ್ಡ ತಪ್ಪು. ಭಾರ ಮುಂದಕ್ಕೆ ಹಾರುತ್ತದೆ, ಹಿಂದಿನ ಟೈರ್ ಹಗುರಾಗುತ್ತದೆ, ಬುಗುರಿ ಶುರು. ಬ್ರೇಕನ್ನು ನೇರದಲ್ಲಿ ಮುಗಿಸಿ, ತಿರುವಿಗೆ ನಿಧಾನ ಹೋಗಿ, ಕಾಲು ನಯವಾಗಿ ಇಡಿ. ಇಷ್ಟನ್ನು ಮೊದಲು ಬೇರೆ ಸಣ್ಣ ಕಾರಿನಲ್ಲಿ ಕಲಿಯಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಟೈರ್ ಹಾಕುವ ಜಾಗವೂ ಮುಖ್ಯ. ಇದರ ಚಕ್ರ ಮೆಗ್ನೀಸಿಯಂ, ನಡುವೆ ಒಂದೇ ದೊಡ್ಡ ನಟ್. ಎಡಗಡೆಯದು ಕೆಂಪು, ಬಲಗಡೆಯದು ನೀಲಿ, ಅದಲು ಬದಲು ಮಾಡಬಾರದು ಅಂತಲೇ ಬಣ್ಣ. ಮೆಗ್ನೀಸಿಯಂ ಗೀಚಿದರೆ ತುಕ್ಕಿನಂತೆ ತಿನ್ನುತ್ತಾ ಹೋಗುತ್ತದೆ. ಈ ಕೆಲಸ ಮಾಡಿ ಗೊತ್ತಿರುವವರ ಹತ್ತಿರವೇ ಹೋಗಿ, ಕಾಯಬೇಕಾದರೆ ಕಾಯಿರಿ.

ನಮ್ಮ ಕಡೆಯವರಿಗೆ

ಎಡಗಡೆ ಸ್ಟೀರಿಂಗಿನ ಕಾರಾದ್ದರಿಂದ ಭಾರತದ ರಸ್ತೆಯಲ್ಲಿ ಕರೇರಾ ಜಿಟಿ ಕಾಣುವುದು ಕಷ್ಟ. ಆದರೆ ಬೆಂಗಳೂರಿನಲ್ಲಿ ಬೇರೆ ವೇಗದ ಕಾರುಗಳಿಗೇನೂ ಬರ ಇಲ್ಲ. ಟ್ರ್ಯಾಕಿಗೆ ಹೋಗಬೇಕು ಅಂದರೆ ಚೆನ್ನೈ ಹತ್ತಿರದ ಇರುಂಗಾಟುಕೋಟೈ ಇಲ್ಲವೇ ಕೊಯಮತ್ತೂರಿಗೆ ಹೋಗುತ್ತಾರೆ. ಅಲ್ಲಿನ ತೊಂದರೆ ಐಫೆಲ್‌ಗೆ ಪೂರ್ತಿ ಉಲ್ಟಾ. ಮೇ ತಿಂಗಳ ಮಧ್ಯಾಹ್ನ ಡಾಂಬರು ಹಂಚಿನ ಹಾಗೆ ಕಾದಿರುತ್ತದೆ. ಟೈರ್ ಬಿಸಿಯಾಗಲು ಅರ್ಧ ಸುತ್ತು ಸಾಕು, ಅತಿಯಾಗಲು ನಾಲ್ಕು ಸುತ್ತು. ಅಲ್ಲಿ ಕಪ್ 2 ಜಾತಿಯ ಮೆತ್ತನೆಯ ಅರೆ-ಸ್ಲಿಕ್ ಹಾಕಿದರೆ ಒಂದೇ ದಿನದಲ್ಲಿ ಅಂಚು ತಿಂದುಹೋಗಬಹುದು. ಬೆಳಗಿನ ಸೆಷನ್ ಆರಿಸಿ, ಮೂರು ಸುತ್ತು ಓಡಿಸಿ ಒಂದು ಸುತ್ತು ತಣಿಸಿ. ಚೆನ್ನೈಗೆ ಹೋಗಿ ಬರುವ ಹೆದ್ದಾರಿಯೂ ಅದೇ ಟೈರಿನಲ್ಲೇ ಅಂತಾದರೆ ಸೂಪರ್ ಸ್ಪೋರ್ಟ್ ಅಥವಾ 4ಎಸ್ ಜಾತಿಯ ಟೈರೇ ಸರಿ.

ಇನ್ನೊಂದು, 2020ರ ಜೂನ್‌ನಿಂದ ಭಾರತಕ್ಕೆ ಹೊಸ ಟೈರ್ ತರಿಸಲು ಸರ್ಕಾರದ ಅನುಮತಿ ಬೇಕು. ಅಪರೂಪದ ಅಳತೆ ಸಿಗುವುದು ಕಷ್ಟವಾಗಿದೆ. ಸಿಕ್ಕಿದಾಗ ಅಂಗಡಿಯವರು ಬಹಳ ಅವಸರ ಮಾಡುತ್ತಾರೆ. "ಇದೊಂದೇ ಸೆಟ್ ಇರೋದು ಸಾರ್." ಅವಸರದಲ್ಲೂ ನಾಲ್ಕೂ ಟೈರಿನ ನಾಲ್ಕು ಅಂಕಿ ಫೋಟೋ ತರಿಸಿ. ಮೂರು ವರ್ಷಕ್ಕಿಂತ ಹಳೇದಾದರೆ ನಾನು ಬೇಡ ಅನ್ನುತ್ತೇನೆ. ಹಾಕಿಸಿದ ಮೇಲೆ ಜೋರಾಗಿ ಓಡಿಸುವ ಕಾರಿಗೆ ಐದು ವರ್ಷ, ಸುಮ್ನೆ ಆಫೀಸಿಗೆ ಹೋಗುವ ಕಾರಿಗೆ ಏಳೆಂಟು. ಇದು ನನ್ನ ಲೆಕ್ಕ, ಕಾನೂನಲ್ಲ. ಕಾನೂನು ಕೇಳುವುದು 1.6 ಮಿಮೀ ಆಳದ ಗೀರು ಮಾತ್ರ. ಅಷ್ಟಕ್ಕೆ ಬರುವ ತನಕ ಮಳೆಗಾಲದಲ್ಲಿ ಕಾಯಬೇಡಿ.

ಆ ಶನಿವಾರದ ಮಾಲೀಕರು ಏನು ಮಾಡಿದರು? ಸ್ವಲ್ಪ ಮುಖ ಸಪ್ಪಗಾಯಿತು. ಒಳಗೆ ಹೋಗಲಿಲ್ಲ. ವರ್ಷಕ್ಕೆ ಎಷ್ಟು ಸಲ ಬರುತ್ತೀರಿ ಅಂತ ಕೇಳಿದೆ. ಎರಡು ಸಲ, ಉಳಿದದ್ದೆಲ್ಲ ಹಳ್ಳಿ ರಸ್ತೆ, ಹೆಂಡತಿ ಜೊತೆ, ಅಂದರು. ಹಾಗಾದರೆ ಸೂಪರ್ ಸ್ಪೋರ್ಟ್, ಹೊಸ ತಾರೀಕಿನದು ಸಿಕ್ಕರೆ, ಅಂದೆ. ಸಿಗದಿದ್ದರೆ ಕಪ್ 2, ಆದರೆ ಅಕ್ಟೋಬರಿನಿಂದ ಏಪ್ರಿಲ್ ತನಕ ಕಾರು ಶೆಡ್ಡಿನಲ್ಲಿ.

"ಈ ಹಳೇದನ್ನು ಏನು ಮಾಡಲಿ?" ಅಂತ ಕೇಳಿದರು. ಬಿಸಾಡಬೇಡಿ ಅಂದೆ. ಕಪ್ಪು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಬಿಸಿಲು ತಾಗದ, ಕರೆಂಟ್ ಮೋಟಾರ್ ಇಲ್ಲದ ಕೋಣೆಯಲ್ಲಿ ಇಡಿ. ಕಾರು ಮಾರುವ ದಿನ ಕೊಳ್ಳುವವನಿಗೆ ಬೇಕಾಗುತ್ತದೆ. ಮೀಸೆ ಇನ್ನೂ ಇದೆಯಲ್ಲ, ಅದಕ್ಕೂ ಬೆಲೆ ಕಟ್ಟುತ್ತಾರೆ.